ಕಾರಿನ ಹೀಟರ್ ತಣ್ಣನೆ ಗಾಳಿ ಬಿಡುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ ಬಹಳ ಜನ ಸ್ವೆಟರ್ ಹಾಕಿಕೊಂಡು ಸುಮ್ಮನಾಗುತ್ತಾರೆ. ಬಿಡುವಾದಾಗ ನೋಡಿಸಿದರಾಯಿತು ಎಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಅತಿಯಾಗಿ ಕಾಯದಂತೆ ನೋಡಿಕೊಳ್ಳುವ ಕೂಲಂಟ್ ಎಂಬ ದ್ರವದಿಂದಲೇ ಹೀಟರ್‌ಗೂ ಬಿಸಿ ಬರುವುದು. ಹಾಗಾಗಿ ಕೂಲಂಟ್‌ಗೆ ಏನಾದರೂ ತೊಂದರೆಯಾದರೆ ಎಷ್ಟೋ ಸಲ ಮೊದಲ ಸುಳಿವು ಸಿಗುವುದು ಹೀಟರ್‌ನಲ್ಲೇ. ಕೆಳಗಿನ ಉತ್ತರಗಳನ್ನು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಎಲ್ಲಕ್ಕಿಂತ ಮೊದಲು ಏನು ನೋಡಬೇಕು?

ಕೂಲಂಟ್ ಎಷ್ಟಿದೆ ಎಂದು ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಬಾನೆಟ್ ಎತ್ತಿದರೆ ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆ ಇರುತ್ತವೆ. ಕೂಲಂಟ್ ಆ ಎರಡರ ಮಧ್ಯೆ ಇರಬೇಕು. ಹಳೆಯ ಡಬ್ಬಿಗಳಲ್ಲಿ ಒಳಗೆ ಕಲೆ ಕಟ್ಟಿಕೊಂಡು, ಖಾಲಿ ಇದ್ದರೂ ತುಂಬಿದಂತೆ ಕಾಣುವುದುಂಟು. ಟಾರ್ಚ್ ಹಿಡಿದು ಡಬ್ಬಿಯನ್ನು ಸ್ವಲ್ಪ ಅಲ್ಲಾಡಿಸಿ. ಒಳಗೆ ದ್ರವ ಇದ್ದರೆ ಅಲುಗಾಡುವುದು ಕಾಣಿಸುತ್ತದೆ.

ಹೀಟರ್ ತಣ್ಣಗಾಗಲು ಹತ್ತು ಕಾರಣ ಇರಬಹುದು. ಅದರಲ್ಲಿ ಕೂಲಂಟ್ ಕಡಿಮೆಯಾಗಿರುವುದು ತುಂಬಾ ಸಾಮಾನ್ಯ. ನೋಡುವುದಕ್ಕೆ ಸುಲಭ, ಬಿಟ್ಟರೆ ನಷ್ಟವೂ ಜಾಸ್ತಿ. ಇದನ್ನು ನೋಡದೆ ಬಿಡಿಭಾಗ ಬದಲಾಯಿಸಲು ಹೊರಡಬೇಡಿ.

ಹೀಟರ್‌ಗೆ ಬಿಸಿ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಇಂಧನ ಉರಿಸಿದಾಗ ಹುಟ್ಟುವ ಶಾಖದಲ್ಲಿ ದೊಡ್ಡ ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಬರುವುದೇ ಇಲ್ಲ. ಅದರಲ್ಲಿ ಒಂದಷ್ಟು ಸೈಲೆನ್ಸರ್ ಮೂಲಕ ಹೋಗುತ್ತದೆ, ಒಂದಷ್ಟನ್ನು ಕೂಲಂಟ್ ಹೀರಿಕೊಳ್ಳುತ್ತದೆ. ವಾಟರ್ ಪಂಪ್ ಈ ಬಿಸಿ ಕೂಲಂಟ್ ಅನ್ನು ಎಂಜಿನ್ ಸುತ್ತ ಹರಿಸುತ್ತಾ ಇರುತ್ತದೆ. ಅದರಲ್ಲಿ ಸ್ವಲ್ಪ ಭಾಗ ಎರಡು ರಬ್ಬರ್ ಹೋಸ್‌ಗಳ ಮೂಲಕ ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರ್‌ಗೆ ಹೋಗಿ ವಾಪಸ್ ಬರುತ್ತದೆ. ಇದರ ಹೆಸರೇ ಹೀಟರ್ ಕೋರ್. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ, ಗಾಳಿ ಬಿಸಿಯಾಗಿ ಒಳಗೆ ಬರುತ್ತದೆ.

ನೀವು ತಿರುಗಿಸುವ ನಾಬ್ ಹೆಚ್ಚಿನ ಕಾರುಗಳಲ್ಲಿ ಒಂದು ಪ್ಲಾಸ್ಟಿಕ್ ಬಾಗಿಲನ್ನು ಅಲುಗಿಸುತ್ತದೆ. ಎಷ್ಟು ಗಾಳಿ ಹೀಟರ್ ಕೋರ್ ಮೂಲಕ ಹೋಗಬೇಕು, ಎಷ್ಟು ಅದನ್ನು ತಪ್ಪಿಸಿ ಬರಬೇಕು ಎಂದು ಆ ಬಾಗಿಲು ಹಂಚುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಬ್ಲೆಂಡ್ ಡೋರ್ ಎನ್ನುತ್ತಾರೆ. ಕೆಲವು ಕಾರುಗಳಲ್ಲಿ ಇದರ ಜೊತೆಗೆ, ಅಥವಾ ಇದರ ಬದಲು, ಹೋಸ್‌ನಲ್ಲಿ ಒಂದು ವಾಲ್ವ್ ಇರುತ್ತದೆ.

ಅಂದರೆ ಬಿಸಿ ಗಾಳಿ ಬರಬೇಕಾದರೆ ನಾಲ್ಕು ಕೆಲಸ ಆಗಬೇಕು. ಕೂಲಂಟ್ ಕಾಯಬೇಕು, ಅದು ಹೀಟರ್ ಕೋರ್ ತಲುಪಬೇಕು, ಗಾಳಿ ಕೋರ್ ಮೇಲೆ ಹಾಯಬೇಕು, ಆ ಗಾಳಿ ನಿಮ್ಮ ಕಡೆ ಬರಬೇಕು. ಎಲ್ಲಿ ತಪ್ಪಿದೆ ಎಂದು ಹುಡುಕುವುದಷ್ಟೇ ಉಳಿದ ಕೆಲಸ.

ಗಾಡಿ ಸ್ಟಾರ್ಟ್ ಮಾಡಿದ ಎಷ್ಟು ಹೊತ್ತಿಗೆ ಬಿಸಿ ಬರಬೇಕು?

ಓಡಿಸುತ್ತಾ ಇದ್ದರೆ ಸಾಮಾನ್ಯವಾಗಿ 5ರಿಂದ 10 ನಿಮಿಷ. ಹೊರಗೆ ಕೊರೆಯುವ ಚಳಿ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ನಿಂತಲ್ಲೇ ಐಡಲ್‌ನಲ್ಲಿ ಬಿಟ್ಟರೆ ಎಂಜಿನ್ ಮೇಲೆ ಭಾರವೇ ಇರುವುದಿಲ್ಲ, ಶಾಖವೂ ಕಡಿಮೆ ಹುಟ್ಟುತ್ತದೆ. ಅದಕ್ಕೇ ನಿಲ್ಲಿಸಿ ಕಾಯಿಸುವುದಕ್ಕಿಂತ ನಿಧಾನವಾಗಿ ಓಡಿಸಿದರೆ ಬೇಗ ಬಿಸಿ ಸಿಗುತ್ತದೆ. ಬ್ಲೋವರ್ ಅನ್ನು ಮೊದಲ ಕೆಲವು ನಿಮಿಷ ಕಡಿಮೆ ವೇಗದಲ್ಲಿಡಿ.

ಮುಚ್ಚಿದ ಗ್ಯಾರೇಜ್‌ನೊಳಗೆ ಮಾತ್ರ ಎಂಜಿನ್ ಓಡಿಸಿ ಕಾಯಿಸಬೇಡಿ. ಸೈಲೆನ್ಸರ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಜೀವ ತೆಗೆಯುತ್ತದೆ.

ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ, ಹೀಟರ್ ಮಾತ್ರ ತಣ್ಣಗಿದೆ. ಮನೆವರೆಗೆ ಓಡಿಸಲೇ?

ಬೇಡ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎಂಜಿನ್ ಕಾಯುತ್ತಿದೆ, ಆದರೆ ಆ ಬಿಸಿ ಹೀಟರ್‌ವರೆಗೆ ಬರುತ್ತಿಲ್ಲ. ಇದರರ್ಥ ಬಹುತೇಕ ಒಂದೇ: ಕೂಲಂಟ್ ಖಾಲಿಯಾಗಿದೆ, ಇಲ್ಲವೇ ಹರಿಯುತ್ತಿಲ್ಲ. ಸುರಕ್ಷಿತ ಜಾಗ ನೋಡಿ ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಇನ್ನೆರಡು ಕಿಲೋಮೀಟರ್ ಅಷ್ಟೇ ಎಂದು ಎಳೆದರೆ ಸಿಲಿಂಡರ್ ಹೆಡ್ (ಎಂಜಿನ್‌ನ ಮೇಲ್ಭಾಗ) ಸೊಟ್ಟಗಾಗಬಹುದು, ಹೆಡ್ ಗ್ಯಾಸ್ಕೆಟ್ (ಅದರ ಕೆಳಗಿನ ಸೀಲ್) ಹೋಗಬಹುದು. ಹೋಸ್ ಒಂದರ ರಿಪೇರಿಯಲ್ಲಿ ಮುಗಿಯಬೇಕಿದ್ದ ವಿಷಯ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ರೇಡಿಯೇಟರ್ ಅಥವಾ ಕೂಲಂಟ್ ಡಬ್ಬಿಯ ಮುಚ್ಚಳವನ್ನು ಆಗಲೇ ತೆಗೆಯಬೇಡಿ. ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇರುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಕುದಿಯಬೇಕಾದರೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಆಗಬೇಕು. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ಇದ್ದಬದ್ದ ದ್ರವವೆಲ್ಲ ಕುದಿದು ಮುಖಕ್ಕೇ ಚಿಮ್ಮುತ್ತದೆ. ರೇಡಿಯೇಟರ್‌ನ ಮೇಲಿನ ದಪ್ಪ ಹೋಸ್ ಮುಟ್ಟಿದರೆ ತಣ್ಣಗೆ ಅನ್ನಿಸಬೇಕು, ಹಿಸುಕಿದರೆ ಮೆತ್ತಗಿರಬೇಕು. ಅಲ್ಲಿಯವರೆಗೆ ಕಾಯಿರಿ.

ಕೂಲಂಟ್ ಕಡಿಮೆಯಾದರೆ ಹೀಟರ್ ಯಾಕೆ ಮೊದಲು ಕೈಕೊಡುತ್ತದೆ?

ಅನೇಕ ಕಾರುಗಳಲ್ಲಿ ಹೀಟರ್ ಕೋರ್ ಮತ್ತು ಅದರ ಹೋಸ್‌ಗಳು ಸಾಕಷ್ಟು ಎತ್ತರದಲ್ಲಿರುತ್ತವೆ. ಕೂಲಂಟ್ ಕಡಿಮೆಯಾದಾಗ ಗಾಳಿ ಮೇಲಕ್ಕೆ ಸೇರಿಕೊಂಡು ಅಲ್ಲೇ ಕೂರುತ್ತದೆ. ಕೋರ್ ತುಂಬ ಗಾಳಿ ಇದ್ದರೆ ಬಿಸಿ ಕೂಲಂಟ್ ಒಳಗೆ ಬರಲು ಜಾಗವೇ ಇಲ್ಲ. ಕೆಲವೊಮ್ಮೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಗುಳುಗುಳು ಎಂದು ನೀರು ಹರಿದ ಸದ್ದು ಕೇಳಿಸುತ್ತದೆ, ಅದರಲ್ಲೂ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ. ಅದು ಕೂಲಂಟ್ ಜೊತೆ ಗಾಳಿ ಓಡಾಡುತ್ತಿರುವ ಸದ್ದು.

ಇನ್ನೊಂದು ಅಪಾಯ ಇದೆ. ಕೂಲಂಟ್ ತೀರಾ ಕೆಳಗಿಳಿದರೆ ಟೆಂಪರೇಚರ್ ಸೆನ್ಸರ್ ದ್ರವದಲ್ಲಿ ಮುಳುಗದೆ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಮುಳ್ಳು ತಪ್ಪು ತೋರಿಸಬಹುದು. ಎಂಜಿನ್ ಬೇಯುತ್ತಿದ್ದರೂ ಮುಳ್ಳು ಏಳದಿರಬಹುದು. ಆದ್ದರಿಂದ ಬಿಸಿ ಬರುತ್ತಿದ್ದ ಹೀಟರ್ ದಾರಿಯಲ್ಲಿ ಇದ್ದಕ್ಕಿದ್ದಂತೆ ತಣ್ಣಗಾದರೆ, ಮುಳ್ಳು ಸರಿಯಾಗಿದೆ ಎಂಬ ಧೈರ್ಯದಲ್ಲಿ ಮುಂದೆ ಹೋಗಬೇಡಿ.

ಕೂಲಂಟ್ ಇಳಿದಿದೆ. ಸುಮ್ನೆ ನೀರು ಹಾಕಿದರೆ ಸಾಕಾ?

ದಾರಿ ಮಧ್ಯೆ ಬೇರೆ ಗತಿಯಿಲ್ಲದಿದ್ದರೆ ಹಾಕಿ. ಆಮೇಲೆ ಬೇಗ ಸರಿಪಡಿಸಿಕೊಳ್ಳಿ. ಎಂಜಿನ್ ಬಿಸಿ ಇರುವಾಗ ತಣ್ಣೀರು ಸುರಿಯಬೇಡಿ, ಲೋಹ ಬಿರುಕು ಬಿಡಬಹುದು.

ಬರೀ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುವುದಿಲ್ಲ. ನಲ್ಲಿ ನೀರಿನ ಖನಿಜ ಒಳಗೆ ಪದರ ಕಟ್ಟುತ್ತದೆ. ಹೆಪ್ಪುಗಟ್ಟುವ ಚಳಿಯಲ್ಲಿ ನೀರು ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಹುದು. ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಕೆಲವು ಮೊದಲೇ ನೀರು ಬೆರೆಸಿದವು, ಕೆಲವು ಗಟ್ಟಿ. ಲೇಬಲ್ ಓದಿ ಕೊಳ್ಳಿ.

ಬಣ್ಣ ನೋಡಿ ಕೂಲಂಟ್ ಆರಿಸಬೇಡಿ. ಹಸಿರು, ಕೆಂಪು, ನೀಲಿ, ಗುಲಾಬಿ ಎಲ್ಲ ಕಂಪನಿಯವರು ಹಾಕಿದ ಬಣ್ಣಗಳು ಅಷ್ಟೇ. ಒಂದೇ ಬಣ್ಣದ ಎರಡು ಕೂಲಂಟ್‌ಗಳ ಒಳಗಿನ ರಾಸಾಯನಿಕ ಬೇರೆ ಇರಬಹುದು. ಹೊಂದದವನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಕುಗ್ಗುತ್ತದೆ, ಕೆಲವೊಮ್ಮೆ ಗಸಿ ಕಟ್ಟುತ್ತದೆ. ಆ ಗಸಿ ಮೊದಲು ಸಿಕ್ಕಿಕೊಳ್ಳುವುದು ಹೀಟರ್ ಕೋರ್‌ನ ಸಣ್ಣ ಕೊಳವೆಗಳಲ್ಲೇ. ಕಾರಿನ ಕೈಪಿಡಿಯಲ್ಲಿ ಯಾವ ದರ್ಜೆ ಹೇಳಿದ್ದಾರೋ ಅದನ್ನೇ ಹಾಕಿ.

ಮತ್ತೆ, ಕೂಲಂಟ್ ತಾನಾಗಿ ಮುಗಿಯುವ ವಸ್ತುವಲ್ಲ. ವರ್ಷಗಳಲ್ಲಿ ತುಸು ಇಳಿದರೆ ಸರಿ. ತುಂಬಿಸಿದ ಕೆಲವೇ ವಾರದಲ್ಲಿ ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಕೂಲಂಟ್ ಸರಿಯಾಗೇ ಇದೆ. ಮುಂದೆ ಹೇಗೆ ಪತ್ತೆ ಮಾಡಲಿ?

ಹೀಟರ್ ಹೋಸ್‌ಗಳನ್ನು ಮುಟ್ಟಿ ನೋಡುವುದು. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಖರ್ಚಿಲ್ಲ, ಏನನ್ನೂ ಬಿಚ್ಚುವುದಿಲ್ಲ, ಆದರೂ ತೊಂದರೆ ಯಾವ ಕಡೆ ಇದೆ ಎಂದು ಹೇಳಿಬಿಡುತ್ತದೆ.

ಗಾಡಿಯನ್ನು ಒಂದು ಹದಿನೈದು ನಿಮಿಷ ಓಡಿಸಿ ಬನ್ನಿ. ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿಡಿ, ಎಂಜಿನ್ ಓಡುತ್ತಿರಲಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಕಡಿಮೆ ವೇಗದಲ್ಲಿರಲಿ. ಬಾನೆಟ್ ಎತ್ತಿ. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವೆ ಒಂದು ಲೋಹದ ಗೋಡೆ ಇರುತ್ತದೆ. ಅದರೊಳಗೆ ಹೆಬ್ಬೆರಳು ಗಾತ್ರದ ಎರಡು ರಬ್ಬರ್ ಹೋಸ್‌ಗಳು ಅಕ್ಕಪಕ್ಕ ತೂರಿ ಹೋಗಿರುತ್ತವೆ. ಅವೇ ಹೀಟರ್ ಹೋಸ್. ಕೆಲವು ಕಾರುಗಳಲ್ಲಿ ಬ್ಯಾಟರಿಯ ಹಿಂದೆ ಅಡಗಿರುತ್ತವೆ, ಬಗ್ಗಿ ಹುಡುಕಬೇಕು.

ಶರ್ಟಿನ ತೋಳು, ಸೆರಗು, ವೇಲ್, ಟೈ, ಉದ್ದ ಕೂದಲು ಯಾವುದೂ ಬೆಲ್ಟ್ ಹತ್ತಿರ ಜೋಲಾಡದಿರಲಿ. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು. ಹೋಸ್ ಒಳಗಿನ ಕೂಲಂಟ್ 90 ಡಿಗ್ರಿ ಆಸುಪಾಸು ಇರುತ್ತದೆ, ಆದ್ದರಿಂದ ಮುಷ್ಟಿಯಲ್ಲಿ ಹಿಡಿಯಬೇಡಿ. ಬೆರಳಿನ ಹಿಂಬದಿಯಿಂದ ಒಂದು ಸಲ ತಾಗಿಸಿ ತೆಗೆಯಿರಿ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ವಾಸಿ.

ಎರಡೂ ಹೋಸ್ ಕೈ ಸುಡುವಷ್ಟು ಬಿಸಿ ಇವೆಯೇ? ಹಾಗಾದರೆ ಬಿಸಿ ಕೂಲಂಟ್ ಕೋರ್ ತಲುಪಿ ವಾಪಸ್ ಬರುತ್ತಿದೆ. ತೊಂದರೆ ಡ್ಯಾಶ್‌ಬೋರ್ಡ್ ಒಳಗಿದೆ, ಹೆಚ್ಚಾಗಿ ಬ್ಲೆಂಡ್ ಡೋರ್‌ನದು. ಎರಡರ ನಡುವೆ ಸಣ್ಣ ವ್ಯತ್ಯಾಸ ಇದ್ದರೆ ಅದು ಸಹಜ, ಕೋರ್ ಶಾಖ ಕೊಟ್ಟ ಮೇಲೆ ಕೂಲಂಟ್ ಸ್ವಲ್ಪ ಆರಿರುತ್ತದೆ.

ಒಂದು ಬಿಸಿ, ಇನ್ನೊಂದು ತಣ್ಣಗೆ ಅಥವಾ ಉಗುರುಬೆಚ್ಚಗಿದ್ದರೆ ಕೂಲಂಟ್ ಹೀಟರ್ ಕೋರ್ ಹತ್ತಿರದವರೆಗೆ ಬಂದು ನಿಂತಿದೆ. ಕೋರ್ ಕಟ್ಟಿಕೊಂಡಿರಬಹುದು, ವಾಲ್ವ್ ಮುಚ್ಚಿರಬಹುದು, ಗಾಳಿ ಸಿಕ್ಕಿಕೊಂಡಿರಬಹುದು.

ಎರಡೂ ತಣ್ಣಗಿದ್ದರೆ ಎಂಜಿನ್ ಕಡೆ ತಿರುಗಿ ನೋಡಬೇಕು. ಥರ್ಮೋಸ್ಟಾಟ್ (ಕೂಲಂಟ್ ರೇಡಿಯೇಟರ್‌ಗೆ ಯಾವಾಗ ಹೋಗಬೇಕೆಂದು ನಿಯಂತ್ರಿಸುವ ವಾಲ್ವ್), ವಾಟರ್ ಪಂಪ್, ಏರ್ ಲಾಕ್ (ಕೂಲಂಟ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ) ಇವುಗಳಲ್ಲಿ ಒಂದು. ವಾಲ್ವ್ ಎಂಜಿನ್ ಕಡೆಯೇ ಇರುವ ಕಾರಾದರೆ ಅದನ್ನೂ ಸೇರಿಸಿಕೊಳ್ಳಿ.

ಗಾಳಿ ತಣ್ಣಗೂ ಅಲ್ಲ, ಬಿಸಿಯೂ ಅಲ್ಲ, ಬೆಚ್ಚಗೆ ಬರುತ್ತದೆ. ಹೈವೇಯಲ್ಲಿ ಇನ್ನೂ ತಣ್ಣಗಾಗುತ್ತದೆ. ಏನಿದು?

ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುವ ಲಕ್ಷಣ. ಅದು ಕೂಲಂಟ್ ದಾರಿಯಲ್ಲಿರುವ ಒಂದು ವಾಲ್ವ್, ಒಳಗಿನ ಮೇಣ ಬಿಸಿಯಿಂದ ಹಿಗ್ಗಿದಾಗ ತೆರೆಯುತ್ತದೆ. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ಕೂಲಂಟ್ ರೇಡಿಯೇಟರ್‌ಗೆ ಹೋಗದಂತೆ ತಡೆಯುತ್ತದೆ. ಸಾಮಾನ್ಯವಾಗಿ 82ರಿಂದ 95 ಡಿಗ್ರಿ ಒಳಗೆ, ಆಯಾ ಎಂಜಿನ್‌ಗೆ ತಕ್ಕಂತೆ ತೆರೆಯುತ್ತದೆ. ಅದು ಸದಾ ತೆರೆದೇ ಇದ್ದರೆ ಕೂಲಂಟ್ ಕಾಯುವ ಮೊದಲೇ ರೇಡಿಯೇಟರ್‌ನಲ್ಲಿ ಆರಿಹೋಗುತ್ತದೆ. ಹೈವೇಯಲ್ಲಿ ಎದುರುಗಾಳಿ ಜಾಸ್ತಿ, ಆರುವುದೂ ಜಾಸ್ತಿ.

ಮುಳ್ಳು ಮಧ್ಯಕ್ಕೆ ಬರುವುದೇ ಇಲ್ಲ, ಮೈಲೇಜ್ ಇಳಿದಿದೆ ಅಂದರೆ ಅನುಮಾನ ಗಟ್ಟಿಯಾಯಿತು. ಚೆಕ್ ಎಂಜಿನ್ ದೀಪ ಹತ್ತಿ, ಸ್ಕ್ಯಾನರ್‌ನಲ್ಲಿ ಪಿ0128 ಎಂಬ ಕೋಡ್ ಬಂದರೂ ಅದು ಹೇಳುವುದು ಇದನ್ನೇ: ಕೂಲಂಟ್ ತಲುಪಬೇಕಾದ ಬಿಸಿ ತಲುಪಿಲ್ಲ. ಇನ್ನೊಂದು ಸುಲಭ ಪರೀಕ್ಷೆ ಇದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ಗೆ ಹೋಗುವ ದಪ್ಪ ಹೋಸನ್ನು ಆಗಾಗ ಮುಟ್ಟಿ. ಥರ್ಮೋಸ್ಟಾಟ್ ಚೆನ್ನಾಗಿದ್ದರೆ ಅದು ಸುಮಾರು ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಎಂಜಿನ್ ಜೊತೆ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟಾಟ್ ಮುಚ್ಚುತ್ತಿಲ್ಲ. ಹೆಚ್ಚಿನ ಕಾರುಗಳಿಗೆ ಇದು ಹೊರಗಿನಿಂದಲೇ ಬದಲಾಯಿಸಬಹುದಾದ ಸಣ್ಣ ಭಾಗ.

ಥರ್ಮೋಸ್ಟಾಟ್ ತೆಗೆದುಹಾಕಿ ಗಾಡಿ ಓಡಿಸಿ ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಎಂಜಿನ್ ಸದಾ ತಣ್ಣಗೆ ಓಡಿದರೆ ಇಂಧನ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೀಟರ್ ಅಂತೂ ಸರಿಯಾಗಿ ಬಿಸಿ ಕೊಡುವುದೇ ಇಲ್ಲ.

ಓಡುವಾಗ ಬಿಸಿ ಬರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗುತ್ತದೆ. ಯಾಕೆ?

ರೇಸ್ ಮಾಡಿದಾಗ ಪಂಪ್ ಜೋರಾಗಿ ತಿರುಗಿ ಕೂಲಂಟ್ ಅನ್ನು ಹೇಗೋ ಕೋರ್‌ವರೆಗೆ ತಳ್ಳುತ್ತಿದೆ. ಐಡಲ್‌ನಲ್ಲಿ ಅಷ್ಟು ಬಲ ಇಲ್ಲ. ಕೂಲಂಟ್ ಕಡಿಮೆ, ಒಳಗೆ ಗಾಳಿ, ಅರ್ಧ ಕಟ್ಟಿದ ಕೋರ್, ಸವೆದ ವಾಟರ್ ಪಂಪ್ ಈ ನಾಲ್ಕರಲ್ಲಿ ಒಂದು. ಪಂಪ್ ಒಳಗಿನ ರೆಕ್ಕೆಗಳು ತುಕ್ಕು ಹಿಡಿದು ಸವೆದಿರುತ್ತವೆ. ಪ್ಲಾಸ್ಟಿಕ್ ರೆಕ್ಕೆಯಾದರೆ ಶಾಫ್ಟ್ ಮೇಲೆ ಜಾರುವುದೂ ಉಂಟು. ಹೊರಗಿನಿಂದ ನೋಡಿದರೆ ಪುಲ್ಲಿ ಚೆನ್ನಾಗಿ ತಿರುಗುತ್ತಿರುತ್ತದೆ, ಒಂದು ಹನಿಯೂ ಸೋರುವುದಿಲ್ಲ, ಆದರೆ ಒಳಗೆ ಕೆಲಸ ನಡೆಯುವುದಿಲ್ಲ. ಮೊದಲ ಎರಡು ಕಾರಣ ಇಲ್ಲ ಎಂದು ಖಾತ್ರಿಯಾದ ಮೇಲೆ ಪಂಪ್ ನೋಡಿಸಿ.

ಕೂಲಂಟ್ ಬದಲಾಯಿಸಿದ ಮೇಲೆ ಹೀಟರ್ ತಣ್ಣಗಾಯಿತು. ಮೊದಲು ಚೆನ್ನಾಗಿತ್ತು.

ಏರ್ ಲಾಕ್. ಕೂಲಂಟ್ ತುಂಬುವಾಗ ಒಳಗೆ ಉಳಿದ ಗಾಳಿ ಹೊರಬಂದಿಲ್ಲ. ರೇಡಿಯೇಟರ್, ಹೋಸ್, ವಾಟರ್ ಪಂಪ್ ಯಾವುದರ ಕೆಲಸ ಆದ ಮೇಲೂ ಹೀಗಾಗಬಹುದು. ಕೆಲಸ ಮಾಡಿದವರ ಬಳಿಯೇ ವಾಪಸ್ ಹೋಗಿ ಗಾಳಿ ತೆಗೆಸಿಕೊಳ್ಳುವುದು ಸರಿಯಾದ ದಾರಿ.

ನೀವೇ ಮಾಡುವುದಾದರೆ ಕೈಪಿಡಿಯಲ್ಲಿ ನಿಮ್ಮ ಕಾರಿನ ವಿಧಾನ ಓದಿ. ಸಾಮಾನ್ಯ ಕ್ರಮ ಹೀಗಿದೆ. ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಬೇಕು. ಗಾಡಿಯ ಮೂತಿ ಸ್ವಲ್ಪ ಮೇಲಾಗುವಂತೆ ಏರು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಹೀಗೆ ನಿಂತಾಗ ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರಕ್ಕೆ ಬರುತ್ತದೆ, ಗಾಳಿ ಅಲ್ಲಿಗೇ ಬರುತ್ತದೆ. ಮುಚ್ಚಳ ತೆಗೆದು ಕೂಲಂಟ್ ತುಂಬಿಸಿ. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಬ್ಲೋವರ್ ಕಡಿಮೆ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ.

ಈಗ ಅವಸರ ಬೇಡ. ಬಾಯಲ್ಲಿ ಗುಳ್ಳೆಗಳು ಒಂದೊಂದಾಗಿ ಏಳುತ್ತವೆ. ಮೊದಲು ದೊಡ್ಡವು, ಆಮೇಲೆ ಚಿಕ್ಕವು. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಫಕ್ಕನೆ ಕುಸಿಯುತ್ತದೆ, ಆಗ ಮತ್ತೆ ತುಂಬಿಸಿ. ಎಂಜಿನ್ ಅನ್ನು ಮಧ್ಯೆ ಮಧ್ಯೆ ಮೆಲ್ಲಗೆ ರೇಸ್ ಮಾಡಿದರೆ ಸಿಕ್ಕಿಕೊಂಡ ಗಾಳಿ ಕದಲುತ್ತದೆ. ಹೀಟರ್ ಹೋಸ್ ಹತ್ತಿರ ಗಾಳಿ ಬಿಡುವ ಸ್ಕ್ರೂ ಇದ್ದರೆ ತುಸು ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬರುವವರೆಗೆ ಬಿಟ್ಟು ಬಿಗಿ ಮಾಡಿ. ಕೂಲಂಟ್ ಉಕ್ಕುವಂತೆ ಕಂಡರೆ ಎಂಜಿನ್ ಆಫ್ ಮಾಡಿ ದೂರ ಸರಿಯಿರಿ. ಗುಳ್ಳೆ ನಿಂತು, ಒಳಗೆ ಬಿಸಿ ಗಾಳಿ ಬರತೊಡಗಿದ ಮೇಲೆ ಮುಚ್ಚಳ ಹಾಕಿ. ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ಇನ್ನೊಮ್ಮೆ ನೋಡಿ, ಸ್ವಲ್ಪ ಇಳಿದಿರುತ್ತದೆ.

ಕೆಲವು ಹೊಸ ಕಾರುಗಳಲ್ಲಿ ಹೀಗೆ ಗಾಳಿ ಹೋಗುವುದಿಲ್ಲ. ವಿದ್ಯುತ್ ಪಂಪನ್ನು ಸ್ಕ್ಯಾನರ್ ಮೂಲಕ ಓಡಿಸಬೇಕು, ಇಲ್ಲವೇ ವ್ಯಾಕ್ಯೂಮ್ ಉಪಕರಣದಿಂದ ಗಾಳಿ ಎಳೆದು ಕೂಲಂಟ್ ತುಂಬಬೇಕು. ಅಂಥ ಗಾಡಿಯನ್ನು ಗ್ಯಾರೇಜ್‌ಗೆ ಕೊಡುವುದೇ ಒಳ್ಳೆಯದು.

ಗಾಳಿ ತೆಗೆಸಿದರೂ ಮತ್ತೆ ಮತ್ತೆ ಏರ್ ಲಾಕ್ ಆಗುತ್ತಿದೆ.

ಹಾಗಾದರೆ ಗಾಳಿ ಎಲ್ಲಿಂದಲೋ ಹೊಸದಾಗಿ ಬರುತ್ತಿದೆ. ಎಲ್ಲೋ ಸಣ್ಣದಾಗಿ ಸೋರುತ್ತಿರಬಹುದು, ಮುಚ್ಚಳದ ರಬ್ಬರ್ ಹೋಗಿರಬಹುದು. ಭಯಪಡಬೇಕಾದ ಕಾರಣವೆಂದರೆ ಹೆಡ್ ಗ್ಯಾಸ್ಕೆಟ್. ಅದು ಸೀಳಿದರೆ ಸಿಲಿಂಡರ್‌ನಲ್ಲಿ ಉರಿದ ಅನಿಲ ಕೂಲಂಟ್‌ಗೆ ನುಗ್ಗುತ್ತದೆ. ಡಬ್ಬಿಯಲ್ಲಿ ನಿಲ್ಲದೆ ಗುಳ್ಳೆ ಬರುವುದು, ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್‌ಗಳು ಕಲ್ಲಿನಂತೆ ಬಿಗಿಯಾಗುವುದು, ಎಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಆಯಿಲ್ ಹಾಲು ಬೆರೆತಂತೆ ಕಾಣುವುದು ಇದರ ಗುರುತುಗಳು. ಎಲ್ಲವೂ ಒಟ್ಟಿಗೆ ಕಾಣಬೇಕೆಂದಿಲ್ಲ. ಗ್ಯಾರೇಜ್‌ನಲ್ಲಿ ಒಂದು ನೀಲಿ ದ್ರಾವಣದ ಪರೀಕ್ಷೆ ಮಾಡುತ್ತಾರೆ. ಕೂಲಂಟ್ ಮೇಲಿನ ಗಾಳಿಯನ್ನು ಅದರ ಮೂಲಕ ಎಳೆದಾಗ ಬಣ್ಣ ಹಳದಿಗೆ ತಿರುಗಿದರೆ ಉರಿದ ಅನಿಲ ಸೇರಿದೆ ಎಂದರ್ಥ. ಎಂಜಿನ್ ಬಿಚ್ಚುವ ಮಾತು ಬಂದಾಗ ಮೊದಲು ಈ ಪರೀಕ್ಷೆ ಮಾಡಿಸಿ ಎಂದು ಕೇಳಿ.

ಡ್ಯಾಶ್‌ಬೋರ್ಡ್ ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿದೆ. ಒಂದು ಬದಿ ಬಿಸಿ, ಇನ್ನೊಂದು ಬದಿ ತಣ್ಣಗೆ. ಎರಡಕ್ಕೂ ಸಂಬಂಧ ಇದೆಯಾ?

ಹೆಚ್ಚಾಗಿ ಇರುತ್ತದೆ. ಬ್ಲೆಂಡ್ ಡೋರನ್ನು ತಿರುಗಿಸುವುದು ಆಕ್ಚುಯೇಟರ್ ಎಂಬ ಪುಟ್ಟ ಮೋಟಾರ್. ಅದರೊಳಗಿನ ಗೇರ್‌ಗಳು ಪ್ಲಾಸ್ಟಿಕ್‌ನವು. ಒಂದೆರಡು ಹಲ್ಲು ಮುರಿದರೆ ಮೋಟಾರ್ ತಿರುಗಲು ಹೋಗುತ್ತದೆ, ಹಲ್ಲು ಜಾರುತ್ತದೆ, ಮತ್ತೆ ತಿರುಗಲು ಹೋಗುತ್ತದೆ. ಆ ಸದ್ದೇ ಟಕ್ ಟಕ್. ತಾಪ ಹೆಚ್ಚು ಕಡಿಮೆ ಮಾಡಿದಾಗ ಅಥವಾ ಗಾಡಿ ಸ್ಟಾರ್ಟ್ ಮಾಡಿದಾಗ ಕೇಳುತ್ತದೆ. ಡ್ರೈವರ್‌ಗೂ ಪಕ್ಕದವರಿಗೂ ಬೇರೆ ಬೇರೆ ತಾಪ ಇಟ್ಟುಕೊಳ್ಳುವ ಕಾರಿನಲ್ಲಿ ಎರಡು ಬಾಗಿಲು, ಎರಡು ಆಕ್ಚುಯೇಟರ್ ಇರುತ್ತವೆ. ಒಂದು ಕೆಟ್ಟರೆ ಒಂದು ಬದಿ ಮಾತ್ರ ತಣ್ಣಗಾಗುತ್ತದೆ. ಆದರೆ ಅರ್ಧ ಕಟ್ಟಿದ ಕೋರ್ ಕೂಡ ಹೀಗೆ ಒಂದೇ ಬದಿಗೆ ಬಿಸಿ ಕೊಡಬಹುದು. ಹೋಸ್ ಮುಟ್ಟಿ ನೋಡಿ ಎಂದದ್ದು ಇದಕ್ಕೇ.

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಆಕ್ಚುಯೇಟರ್ ಕೆಟ್ಟಿರದೆಯೂ ಇರಬಹುದು. ಬಾಗಿಲು ಎಲ್ಲಿದೆ ಎಂಬ ಲೆಕ್ಕ ಕಾರಿನ ಕಂಪ್ಯೂಟರ್‌ಗೆ ತಪ್ಪಿರುತ್ತದೆ. ಕ್ಯಾಲಿಬ್ರೇಷನ್ ಮಾಡಿಸಿದರೆ ಸಾಕು. ಹಳೆಯ ಕಾರುಗಳಲ್ಲಿ ಮೋಟಾರ್ ಬದಲು ಕೇಬಲ್ ಇರುತ್ತದೆ. ನಾಬ್ ತೀರಾ ಹಗುರವಾಗಿ ತಿರುಗಿದರೆ ಕೇಬಲ್ ಕ್ಲಿಪ್‌ನಿಂದ ಕಳಚಿದೆ.

ಹೀಟರ್ ಕೋರ್ ಕಟ್ಟಿದೆ ಅಂತಾರೆ. ಬದಲಾಯಿಸಲೇಬೇಕಾ?

ಮೊದಲು ತೊಳೆಸಿ ನೋಡಿ. ಅನೇಕ ಕಾರುಗಳಲ್ಲಿ ಕೋರ್ ತೆಗೆಯಬೇಕಾದರೆ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಭಾಗದ ಬೆಲೆಗಿಂತ ಕೂಲಿಯೇ ಎಷ್ಟೋ ಪಟ್ಟು ಜಾಸ್ತಿ.

ತೊಳೆಯುವಾಗ ಎರಡೂ ಹೋಸ್ ಬಿಚ್ಚಿ, ಕೂಲಂಟ್ ಹೊರಗೆ ಬರುವ ಕಡೆಯಿಂದ ನೀರು ಬಿಡಬೇಕು. ಉಲ್ಟಾ ಬಿಟ್ಟರೆ ಒಳಗೆ ಸಿಕ್ಕಿಕೊಂಡ ಗಸಿ ಬಂದ ದಾರಿಯಲ್ಲೇ ಹೊರಗೆ ಬರುತ್ತದೆ. ಒತ್ತಡ ಕಡಿಮೆ ಇರಲಿ. ಜೋರು ನೀರು ಅಥವಾ ಕಂಪ್ರೆಸರ್ ಗಾಳಿ ಬಿಟ್ಟರೆ ತೆಳ್ಳಗಿನ ಕೊಳವೆ ಒಡೆದೇ ಹೋಗುತ್ತದೆ. ಮೊದಲು ಕಂದು ನೀರು ಬಂದು ಆಮೇಲೆ ತಿಳಿಯಾಗುತ್ತದೆ. ಹಳೆಯ ಹೋಸ್ ಅಂಟಿಕೊಂಡಿದ್ದರೆ ಎಳೆದಾಡಬಾರದು. ಕೋರ್‌ನ ಮೂತಿ ಬಾಗಿದರೆ ಅಲ್ಲಿಗೆ ಮುಗಿಯಿತು. ಹೋಸನ್ನೇ ಉದ್ದಕ್ಕೆ ಸೀಳಿ ತೆಗೆದು ಹೊಸದು ಹಾಕುವುದು ಲೇಸು.

ಹೊರಬಂದ ಕೂಲಂಟ್ ಅನ್ನು ಬಕೆಟ್‌ನಲ್ಲಿ ಹಿಡಿಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ ಮತ್ತು ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ಮಕ್ಕಳ ಕೈಗೂ ಸಿಗಬಾರದು.

ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು. ಇದೂ ಹೀಟರ್‌ನದ್ದೇ?

ಹೌದು, ಕೋರ್ ಸೋರುತ್ತಿದೆ. ಮಾಮೂಲಿ ಮಂಜನ್ನು ಬಟ್ಟೆಯಲ್ಲಿ ಒರೆಸಿದರೆ ಗಾಜು ಸ್ವಚ್ಛವಾಗುತ್ತದೆ. ಕೂಲಂಟ್ ಆವಿಯಿಂದಾದ ಮಂಜು ಒರೆಸಿದಷ್ಟೂ ಹರಡಿಕೊಂಡು ಜಾರುವ ಪದರ ಉಳಿಯುತ್ತದೆ. ರಾತ್ರಿ ಎದುರಿನ ಗಾಡಿಯ ಬೆಳಕು ಬಿದ್ದರೆ ಗಾಜು ಪೂರ್ತಿ ಬೆಳ್ಳಗಾಗಿ ರಸ್ತೆಯೇ ಕಾಣುವುದಿಲ್ಲ. ಮುಂದಿನ ಸೀಟಿನ ಎದುರು, ಕಾಲಿಡುವ ಜಾಗದ ಕಾರ್ಪೆಟ್ ಒತ್ತಿ ನೋಡಿ. ಒದ್ದೆಯಾಗಿ ಅಂಟಂಟಾಗಿದ್ದರೆ ಅನುಮಾನವೇ ಬೇಡ. ಏಸಿ ನೀರು ಒಳಗೆ ಸುರಿದಿದ್ದರೆ ಒದ್ದೆ ಇರುತ್ತದೆ, ಆದರೆ ಅಂಟಾಗಲಿ ಸಿಹಿ ವಾಸನೆಯಾಗಲಿ ಇರುವುದಿಲ್ಲ.

ಸೋರಿಕೆ ನಿಲ್ಲಿಸುವ ಪುಡಿ ಅಥವಾ ದ್ರವ ಹಾಕಬಹುದಾ?

ನನ್ನ ಸಲಹೆ ಬೇಡ ಎಂದೇ. ರಂಧ್ರ ಮುಚ್ಚುವ ವಸ್ತುವಿಗೆ ಯಾವುದು ರಂಧ್ರ, ಯಾವುದು ಹೀಟರ್ ಕೋರ್‌ನ ಸಣ್ಣ ಕೊಳವೆ ಎಂದು ಗೊತ್ತಾಗುವುದಿಲ್ಲ. ಇವತ್ತು ಸೋರಿಕೆ ನಿಂತರೂ ಮುಂದೆ ಕೋರ್ ಕಟ್ಟಿಕೊಳ್ಳಬಹುದು.

ಗಾಳಿಯೇ ಸರಿಯಾಗಿ ಬರುತ್ತಿಲ್ಲ.

ಇದು ಬೇರೆ ಕಥೆ, ಕೂಲಂಟ್‌ಗೆ ಸಂಬಂಧ ಇಲ್ಲ. ಗಾಳಿ ಎಲ್ಲ ವೇಗದಲ್ಲೂ ಮಂದವಾಗಿದ್ದರೆ ಕ್ಯಾಬಿನ್ ಫಿಲ್ಟರ್ ನೋಡಿ, ಧೂಳು ಎಲೆ ತುಂಬಿರುತ್ತದೆ. ಅತಿ ಜೋರು ವೇಗ ಒಂದರಲ್ಲೇ ಓಡಿದರೆ ಬ್ಲೋವರ್ ರೆಸಿಸ್ಟರ್ (ಬ್ಲೋವರ್ ವೇಗ ಕಡಿಮೆ ಮಾಡುವ ಭಾಗ) ಹೋಗಿದೆ. ಯಾವುದರಲ್ಲೂ ಓಡದಿದ್ದರೆ ಫ್ಯೂಸ್ ಮೊದಲು, ಮೋಟಾರ್ ಆಮೇಲೆ. ಫ್ಯೂಸ್ ಪದೇ ಪದೇ ಹೋದರೆ ಹೆಚ್ಚು ಆಂಪಿಯರ್‌ನದ್ದು ಹಾಕಬೇಡಿ. ವೈರ್ ಹೊತ್ತಿಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಕೊಂಡ ದಿನದಿಂದಲೂ ಹೀಟರ್ ಬಂದಿಲ್ಲ.

ಬಾನೆಟ್ ಎತ್ತಿ ಆ ಎರಡು ಹೀಟರ್ ಹೋಸ್‌ಗಳ ದಾರಿ ಹಿಡಿದು ಕಣ್ಣಾಡಿಸಿ. ಕೋರ್ ಸೋರಿದಾಗ ಕೆಲವರು ಅದನ್ನು ರಿಪೇರಿ ಮಾಡಿಸದೆ ಎರಡೂ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿಬಿಡುತ್ತಾರೆ. ಕೂಲಂಟ್ ಕೋರ್‌ಗೆ ಹೋಗದೆ ಎಂಜಿನ್‌ಗೇ ತಿರುಗುತ್ತದೆ. ಗೋಡೆಯಿಂದ ಹೊರಬಂದ ಎರಡು ಕೊಳವೆಗಳಿಗೆ ಏನೂ ಸಿಕ್ಕಿಸಿಲ್ಲದಿದ್ದರೆ ಆಗಿರುವುದು ಇದೇ. ಹಾಗೆಂದು ಹೋಸ್ ವಾಪಸ್ ಜೋಡಿಸಿದರೆ ಹಳೆಯ ಸೋರಿಕೆ ಕಾರಿನೊಳಗೆ ಶುರುವಾಗುತ್ತದೆ. ಮೊದಲು ಕೋರ್‌ಗೆ ಒತ್ತಡ ಕೊಟ್ಟು ಪರೀಕ್ಷಿಸಬೇಕು.

ಬೇಸಿಗೆಯಲ್ಲಿ ಏಸಿ ಚೆನ್ನಾಗಿ ತಂಪು ಕೊಡಲಿ ಎಂದು ಹೀಟರ್ ವಾಲ್ವ್ ಮುಚ್ಚಿ, ಆಮೇಲೆ ಮರೆತಿರುವುದೂ ಇರುತ್ತದೆ. ಅದಾದರೆ ನಿಮ್ಮ ಅದೃಷ್ಟ, ತೆರೆದರೆ ಮುಗಿಯಿತು. ಬಹಳ ದಿನ ಅಲುಗಿಸದ ವಾಲ್ವ್ ಜಾಮ್ ಆಗಿರಬಹುದು, ಬಲ ಹಾಕಬೇಡಿ.

ಹೀಟರ್ ಹಾಕುವಾಗ ಏಸಿ ಆಫ್ ಇರಬೇಕಾ?

ಬಿಸಿಗೆ ಏಸಿ ಬೇಕಾಗಿಲ್ಲ. ಗಾಜಿನ ಮಂಜು ತೆಗೆಯಲು ಮಾತ್ರ ಎರಡನ್ನೂ ಹಾಕಿ. ಏಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಅದನ್ನು ಬಿಸಿ ಮಾಡುತ್ತದೆ, ಗಾಜು ಬೇಗ ತಿಳಿಯಾಗುತ್ತದೆ. ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿದರೆ ಕಾರು ಬೇಗ ಬೆಚ್ಚಗಾಗುತ್ತದೆ, ಆದರೆ ಉಸಿರಿನ ತೇವ ಒಳಗೇ ಉಳಿದು ಗಾಜು ಮಸುಕಾಗುತ್ತದೆ. ಬೆಚ್ಚಗಾದ ಮೇಲೆ ಹೊರಗಿನ ಗಾಳಿಗೆ ಬದಲಾಯಿಸಿ.

ಡೀಸೆಲ್, ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಿಗೂ ಇದೇ ಉತ್ತರವೇ?

ಡೀಸೆಲ್‌ಗೆ ಬಹುಪಾಲು ಇದೇ. ಆದರೆ ಡೀಸೆಲ್ ಎಂಜಿನ್ ಕಡಿಮೆ ಶಾಖ ಪೋಲು ಮಾಡುತ್ತದೆ, ಹಾಗಾಗಿ ನಿಧಾನವಾಗಿ ಕಾಯುತ್ತದೆ. ಅದಕ್ಕೇ ಕೆಲವು ಡೀಸೆಲ್ ಕಾರುಗಳಲ್ಲಿ ಗಾಳಿಯನ್ನು ನೇರವಾಗಿ ಬಿಸಿ ಮಾಡುವ ವಿದ್ಯುತ್ ಹೀಟರ್ ಕೂಡ ಇಟ್ಟಿರುತ್ತಾರೆ. ಅದು ಕೆಟ್ಟರೆ ಮೊದಲ ಕೆಲವು ನಿಮಿಷ ಮಾತ್ರ ತಣ್ಣಗಿದ್ದು ಆಮೇಲೆ ಎಂದಿನಂತೆ ಬಿಸಿ ಬರುತ್ತದೆ. ಹೈಬ್ರಿಡ್‌ನಲ್ಲಿ ಎಂಜಿನ್ ಆಗಾಗ ನಿಲ್ಲುವುದರಿಂದ ಬಿಸಿ ಏರಿಳಿಯಬಹುದು. ಕೂಲಂಟ್ ಹರಿಸಲು ವಿದ್ಯುತ್ ಪಂಪ್ ಇರುತ್ತದೆ, ಅದು ನಿಂತರೂ ಹೀಟರ್ ತಣ್ಣಗಾಗುತ್ತದೆ.

ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಇಲ್ಲ, ಬಿಸಿ ಬರುವುದು ವಿದ್ಯುತ್ ಹೀಟರ್ ಅಥವಾ ಹೀಟ್ ಪಂಪ್‌ನಿಂದ. ಇವಕ್ಕೆ ಹೋಗುವ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಸೆಟ್ಟಿಂಗ್, ಫಿಲ್ಟರ್, ಪರದೆ ಮೇಲಿನ ಎಚ್ಚರಿಕೆ ನೋಡಿ. ಅಷ್ಟಕ್ಕೆ ನಿಲ್ಲಿಸಿ, ಉಳಿದದ್ದನ್ನು ತರಬೇತಿ ಇರುವವರಿಗೇ ಬಿಡಿ.

ಗ್ಯಾರೇಜ್‌ನಲ್ಲಿ ಏನು ಹೇಳಬೇಕು?

ಹೀಟರ್ ಬರುತ್ತಿಲ್ಲ ಎಂದಷ್ಟೇ ಹೇಳಿದರೆ ಅವರು ಮೊದಲಿನಿಂದ ಹುಡುಕಬೇಕು. ನೀವು ನೋಡಿದ್ದನ್ನು ಹೇಳಿ. ಕೂಲಂಟ್ ಎಲ್ಲಿತ್ತು, ಎಷ್ಟು ಇಳಿಯಿತು, ಮುಳ್ಳು ಎಲ್ಲಿ ನಿಲ್ಲುತ್ತದೆ, ಯಾವ ಹೋಸ್ ಬಿಸಿ ಇತ್ತು, ನಿಂತಾಗ ತಣ್ಣಗಾಗುತ್ತದೋ ಓಡುವಾಗಲೋ, ಅದಕ್ಕೂ ಮುಂಚೆ ಏನಾದರೂ ಕೆಲಸ ಮಾಡಿಸಿದ್ದಿರಾ. ಭಾಗ ಬದಲಾಯಿಸಬೇಕು ಎಂದರೆ ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಬಾನೆಟ್ ಎತ್ತಿ ತೋರಿಸುತ್ತಾರೆ.

ರಿಪೇರಿ ಆಗುವವರೆಗೆ ಗಾಡಿ ಓಡಿಸಬಹುದಾ?

ಕೂಲಂಟ್ ಪೂರ್ತಿ ಇದೆ, ಇಳಿಯುತ್ತಿಲ್ಲ, ಮುಳ್ಳು ಎಂದಿನ ಜಾಗದಲ್ಲೇ ಇದೆ, ಎರಡೂ ಹೋಸ್ ಬಿಸಿ ಇವೆ ಎಂದಾದರೆ ಎಂಜಿನ್‌ಗೆ ಅಪಾಯವಿಲ್ಲ. ಓಡಿಸಬಹುದು. ಆದರೆ ಮುಂದಿನ ಗಾಜಿನ ಮಂಜು, ಹಿಮ ಕರಗಿಸಲು ಬಿಸಿ ಗಾಳಿ ಇಲ್ಲ ಎಂಬುದು ನೆನಪಿರಲಿ. ಗಾಜು ಮಸುಕಾಗುವ ಹವೆಯಲ್ಲಿ, ಅದರಲ್ಲೂ ರಾತ್ರಿ, ಹೊರಡಬೇಡಿ. ಕೂಲಂಟ್ ಇಳಿಯುತ್ತಿದ್ದರೆ, ಮುಳ್ಳು ಏರುತ್ತಿದ್ದರೆ ಅಥವಾ ಒಳಗೆ ಸಿಹಿ ವಾಸನೆ ಇದ್ದರೆ ಗಾಡಿ ನಿಂತಲ್ಲೇ ಇರಲಿ, ಮೆಕ್ಯಾನಿಕ್‌ರನ್ನು ಅಲ್ಲಿಗೇ ಕರೆಸಿ ಅಥವಾ ಟೋ ಮಾಡಿಸಿ.